ನೆನಪಿಗೆ ಬಾರದ ನೀರು

ಕೈ ತೊಳೆದುಕೊಂಡಿದ್ದೆನೋ ಇಲ್ಲವೋ ಎಂಬುದು ಭಾಗೀರಥಿಬಾಯಿಯವರಿಗೆ ಆ ದಿನವೂ ನೆನಪಾಗಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕುಳಿತು ಮೆಂತ್ಯದ ಪಲ್ಯೆ ಬಿಡಿಸುತ್ತಿದ್ದರು. ಬೇರಿನ ಮಣ್ಣು ಉಗುರಿನ ಸಂದಿ ಸೇರಿತ್ತು. ಅದನ್ನು ನೋಡುತ್ತಿದ್ದ ಹಾಗೆ ಮತ್ತೆ ಅದೇ ನರ್ಸಿಂಗ್ ಹೋಮು, ಅದೇ ಮೂಲೆಯ ಬೇಸಿನ್ನು, ಸವೆದು ಚೂರಾದ ಸಾಬೂನು. ನಳ ತಿರುಗಿಸಿದ್ದು ನೆನಪಿದೆ. ನೀರು ಬಂದಿತ್ತೆ? ಬಂದಿತ್ತು ಎಂದುಕೊಂಡರೆ ಬೆರಳುಗಳ ಮೇಲೆ ತಣ್ಣೀರು ಹರಿದದ್ದು ಕಣ್ಣಿಗೆ ಕಟ್ಟುತ್ತಿತ್ತು. ಬಂದಿರಲಿಲ್ಲ ಎಂದುಕೊಂಡರೆ ನಳದೊಳಗಿಂದ ಗಾಳಿ ಬುಸ್ಸೆಂದದ್ದು, ಬೇಸತ್ತು ಸೆರಗಿಗೆ ಕೈ ಒರೆಸಿಕೊಂಡದ್ದು ಅಷ್ಟೇ ನಿಚ್ಚಳವಾಗಿ ಕಾಣುತ್ತಿತ್ತು. ಎರಡು ವರ್ಷಗಳಿಂದ ಈ ಎರಡೂ ನೆನಪುಗಳನ್ನು ತಿರುವಿಹಾಕಿ ಹಾಕಿ, ಯಾವುದು ನಡೆದದ್ದು ಯಾವುದು ತಾವೇ ಕಟ್ಟಿಕೊಂಡದ್ದು ಎಂದು ಬೇರೆ ಮಾಡಲಾಗದಷ್ಟು ಅವು ಬೆರೆತುಹೋಗಿದ್ದವು.

ಮಗ ಮುಕುಂದನ ಮೊದಲ ಕೂಸು ಹುಟ್ಟಿದ ದಿನ ಅವರು ಬೆರಳ ತುದಿಯಿಂದ ಒಂದು ಹನಿ ಜೇನನ್ನು ಅದರ ತುಟಿಗೆ ಸವರಿದ್ದರು. ಮನೆಯಲ್ಲಿ ವೇದ ಹೇಳುವವರಿದ್ದ ಕಾಲದಿಂದ ನಡೆದುಬಂದ ಪದ್ಧತಿ. ಈಗ ವೇದ ಹೇಳುವವರಿಲ್ಲ, ಮುಕುಂದ ನೇಸರಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾನೆ, ಆದರೆ ಜೇನು ಉಳಿದಿತ್ತು. ಮರುದಿನ ಕೂಸು ಮೊಲೆ ಹಿಡಿಯಲಿಲ್ಲ. ಉಸಿರಿಗೊಮ್ಮೆ ನರಳತೊಡಗಿತು, ಮುದುಕರು ನರಳುವ ಹಾಗೆ. ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಒಯ್ದರು; ನಂಜು ರಕ್ತಕ್ಕೇರಿದೆ ಎಂದರು; ಕೂಸು ಉಳಿಯಲಿಲ್ಲ. ಅಲ್ಲಿಯ ಉದ್ದನೆಯ ವರಾಂಡದಲ್ಲಿ ಮುಕುಂದ ಬಳಿಗೆ ಬಂದು, ಯಾರಿಗೂ ಕೇಳಿಸಬಾರದೆಂಬಂತೆ ಮೆಲ್ಲಗೆ ಕೇಳಿದ್ದ: "ಅವ್ವಾ, ಜೇನು ಹಚ್ಚೋ ಮುಂದ ಕೈ ತೊಳಕೊಂಡಿದ್ಯೇನು?"

"ಹೂಂ," ಎಂದಿದ್ದರು.

ಅಷ್ಟೇ. ಅವನು ಮತ್ತೆಂದೂ ಕೇಳಲಿಲ್ಲ. ಬೈದಿದ್ದರೆ ತಾವೂ ಎರಡು ಮಾತು ಆಡಿ, ಅತ್ತು, ಹಗುರಾಗಬಹುದಿತ್ತು. ಸೊಸೆ ಪ್ರಿಯಂವದಾ ಕೂಡ ಒಂದು ದಿನ ಮುಖ ತಿರುಗಿಸಲಿಲ್ಲ. ಊಟಕ್ಕೆ ಬಡಿಸುತ್ತಾಳೆ, ಮೊಣಕಾಲಿಗೆ ಎಣ್ಣೆ ಕಾಯಿಸಿ ಕೊಡುತ್ತಾಳೆ. ಆ ಸೌಜನ್ಯವೇ ಭಾಗೀರಥಿಬಾಯಿಯವರಿಗೆ ಕ್ಷಮೆಯಂತೆ ಕಂಡು ಚುಚ್ಚುತ್ತಿತ್ತು. ಆ ಕೂಸು ಹೋಗುವ ಮೊದಲು ಊರಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸು ಎರೆಯಲು ಅವರನ್ನೇ ಕರೆಯುತ್ತಿದ್ದರು. ಕಾಲು ಚಾಚಿ ಕುಳಿತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿ, ಬಿಸಿನೀರು ಎರೆಯುವಾಗ ಎಂಥ ಹಟದ ಕೂಸೂ ಅವರ ಅಂಗೈ ಕೆಳಗೆ ತೂಕಡಿಸುತ್ತಿತ್ತು. ಆಮೇಲೆ ಅವರು ಸೊಂಟ ನೋವೆಂದು ಹೇಳಿ ಹೋಗುವುದನ್ನು ಬಿಟ್ಟರು. ಮೊದಮೊದಲು ಕರೆದರು. ಈಗ ಕರೆಯುವುದಿಲ್ಲ. ಸೊಂಟದ ನೋವು ನಂಬಿ ಕರೆಯುವುದಿಲ್ಲವೋ, ಬೇರೇನಾದರೂ ಕಿವಿಗೆ ಬಿದ್ದು ಕರೆಯುವುದಿಲ್ಲವೋ, ಅದೂ ತಿಳಿಯದು.

"ಅತ್ತೀ..."

ಅಡುಗೆಮನೆಯ ಬಾಗಿಲಲ್ಲಿ ಪ್ರಿಯಂವದಾ ಚೌಕಟ್ಟು ಹಿಡಿದು ನಿಂತಿದ್ದಳು. ಕಾಲ ಬಳಿ ನೆಲ ಒದ್ದೆಯಾಗಿತ್ತು. ನೀರಿನ ತಂಬಿಗೆ ಉರುಳಿತೇನೋ ಎಂದುಕೊಂಡರು.

"ನೀರು ಹೋಗಲಿಕ್ಕೆ ಹತ್ತದ, ಅತ್ತಿ. ನಿಲ್ಲವಲ್ಲದು."

ದಿನ ತುಂಬಲು ಇನ್ನೂ ವಾರಗಳಿದ್ದವು. ಹೆರಿಗೆಗೆ ಬೆಳಗಾವಿಯ ಡಾಕ್ಟರನ್ನು ಗೊತ್ತುಮಾಡಿದ್ದರು. ಮುಂದಿನ ವಾರ ಅಲ್ಲಿಯೇ ಒಂದು ಖೋಲಿ ಹಿಡಿದು ಇರುವುದೆಂದು ಮಾತಾಗಿತ್ತು. ಮುಕುಂದ ಆ ದಿನ ಬೆಳಿಗ್ಗೆಯೇ ಮಾಸ್ತರರ ತರಬೇತಿಗೆಂದು ರಾಮದುರ್ಗಕ್ಕೆ ಹೋಗಿದ್ದ. ಫೋನು ಹಚ್ಚಿದರೆ ಅವನ ದನಿ ಗುರುತು ಸಿಗದಷ್ಟು ಸಣ್ಣದಾಗಿತ್ತು. "ಬೆಳಗಾವಿ ದೂರ ಆಗ್ತದವ್ವಾ. ಬೈಲಹೊಂಗಲಕ್ಕ ನಡೀರಿ. ಹಣಮಂತಪ್ಪ ಕಾಕಾನ ಗಾಡಿ ತಗೊಳ್ರಿ. ನಾ ಹೊಂಟೆ ಇಲ್ಲಿಂದ. ಪ್ರಿಯಾಗ ಕೊಡು ಫೋನು."

ಪ್ರಿಯಂವದಾ ಗೋಡೆಯ ಕಡೆ ತಿರುಗಿ ಮಾತಾಡಿದಳು. "ಹೂಂ, ಹೇಳತೇನಿ. ಹೂಂ, ಹೋದ ಕೂಡಲೆ ಹೇಳತೇನಿ." ಆಮೇಲೆ ದನಿ ತಗ್ಗಿಸಿ, "ಇಲ್ಲೇ ಇದ್ದಾರ," ಎಂದಳು.

ಇಲ್ಲೇ ಇದ್ದಾರ. ಬಟ್ಟೆಯ ಚೀಲ ತುಂಬುತ್ತಿದ್ದಷ್ಟು ಹೊತ್ತೂ ಆ ಎರಡು ಶಬ್ದಗಳು ಭಾಗೀರಥಿಬಾಯಿಯವರ ಕಿವಿಯಲ್ಲಿ ಉಳಿದವು. ತಾವು ಇಲ್ಲೇ ಇರುವುದರಿಂದ ಹೇಳಲಾಗದ್ದು ಏನಿರಬಹುದು? ಏನಿರುತ್ತದೆ. ಈ ಸಲ ಅವ್ವನ ಕೈಗೆ ಕೂಸು ಕೊಡಬೇಡ ಎಂದಿರುತ್ತಾನೆ. ಡಾಕ್ಟರಿಗೇ ಹೇಳಿಬಿಡು, ಅವರೇ ಬೇಡವೆಂದರೆ ಅವ್ವನಿಗೆ ಬೇಜಾರಾಗುವುದಿಲ್ಲ ಎಂದಿರುತ್ತಾನೆ. ಮಗ ಜಾಣ. ಹಾಗೆ ಅಂದುಕೊಂಡಾಗ ಒಂದು ರೀತಿಯ ಸಮಾಧಾನವೂ ಆಯಿತು. ಕೊನೆಗೂ ಯಾರೋ ಬಾಯಿಬಿಟ್ಟು ಹೇಳುತ್ತಾರಲ್ಲ. ಮರುಕ್ಷಣವೇ, ಚೀಲಕ್ಕೆ ಹಾಕಿದ ಸೀರೆಯನ್ನು ಯಾಕೆ ಹೊರಗೆ ತೆಗೆದರೆಂದು ತಿಳಿಯದೆ ಮತ್ತೆ ಒಳಗೆ ಹಾಕಿದರು.

ಆಚೆ ಮನೆಯ ಹಣಮಂತಪ್ಪ ಹೊಲದಿಂದ ಆಗಷ್ಟೇ ಬಂದಿದ್ದವನು, ಕಾಲಿನ ಕೆಸರನ್ನೂ ತೊಳೆಯದೆ ಗಾಡಿ ತೆಗೆದ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ರಸ್ತೆ ತಮ್ಮದೇ ಎಂಬಂತೆ ತೆವಳುತ್ತಿದ್ದವು. "ಅಂಜಬ್ಯಾಡ್ರಿ ಬಾಯಾರ, ಮುಟ್ಟಿಸತೇನಿ," ಎಂದು ಅವನು ಹಾರ್ನ್ ಒತ್ತುತ್ತಲೇ ಇದ್ದ. "ಇವಕ್ಕ ಹಿಂದ ಮುಂದ ಏನೂ ಕಾಣಂಗಿಲ್ಲ ನೋಡ್ರಿ." ಹಿಂದಿನ ಸೀಟಿನಲ್ಲಿ ಪ್ರಿಯಂವದಾ ನೋವು ಬಂದಾಗಲೆಲ್ಲ ಅತ್ತೆಯ ಕೈಯನ್ನು ಹಿಡಿದು ಹಿಂಡುತ್ತಿದ್ದಳು. ಹಿಡಿತ ಸಡಿಲವಾದಾಗ ಕೈ ಹಿಂದೆ ತೆಗೆದುಕೊಳ್ಳಬೇಕೋ ಬೇಡವೋ ಭಾಗೀರಥಿಬಾಯಿಯವರಿಗೆ ತಿಳಿಯುತ್ತಿರಲಿಲ್ಲ. ಇದೇ ಕೈ. ಇವಳು ಮರೆತಿದ್ದಾಳೆಯೆ? ನೋವಿನಲ್ಲಿ ಯಾರ ಕೈಯಾದರೇನು, ಸೀಟಿನ ಹಿಡಿಕೆಯಾದರೂ ಸಾಕು ಎಂದು ಹಿಡಿದಳೆ? ಕಿಟಕಿಯಾಚೆ ಕಟಾವು ಮುಗಿದ ಎರೆಹೊಲ ಕಪ್ಪಗೆ ಬಿದ್ದಿತ್ತು. ಅದರ ಮೇಲೆ ಬೆಳ್ಳಕ್ಕಿಗಳು ಏನನ್ನೋ ಹೆಕ್ಕುತ್ತಿದ್ದವು. ಇಷ್ಟೊಂದು ಬಿಳಿ ಅವಕ್ಕೆ ಈ ಮಣ್ಣಿನಲ್ಲಿ ಹೇಗೆ ಉಳಿಯುತ್ತದೆ ಎಂದು ಯೋಚಿಸಿದರು, ಮತ್ತು ಸೊಸೆ ನರಳುತ್ತಿರುವಾಗ ತಾವು ಬೆಳ್ಳಕ್ಕಿಯ ವಿಚಾರ ಮಾಡುತ್ತಿರುವುದಕ್ಕೆ ನಾಚಿದರು.

ಬೈಲಹೊಂಗಲದ ಆಸ್ಪತ್ರೆಯಲ್ಲಿ ಉಮಾಶ್ರೀ ಎಂಬ ನರ್ಸು ಪ್ರಿಯಂವದಾಳನ್ನು ಮಂಚಕ್ಕೆ ಹತ್ತಿಸಿದಳು. ಚುರುಕಿನ ಹುಡುಗಿ, ಒಂದು ಕೈಯಿಂದ ನಾಡಿ ಹಿಡಿದು ಇನ್ನೊಂದು ಕೈಯಿಂದ ಪರದೆ ಎಳೆಯುತ್ತಿದ್ದಳು.

"ಇದು ಎಷ್ಟನೇದ್ರಿ ಅಕ್ಕಾರ?"

"ಎರಡನೇದು."

"ಮೊದಲಿನ ಹೆರಗಿ ಹೆಂಗಾಗಿತ್ರಿ?"

ಪ್ರಿಯಂವದಾ ಬಾಯಿ ತೆರೆದಳು. ಕಣ್ಣು ಅತ್ತೆಯ ಕಡೆ ಹೊರಳಿತು. "ನಾರ್ಮಲ್," ಎಂದಳು. ಆಮೇಲೆ, "ಅತ್ತಿ, ನೀವು ಸ್ವಲ್ಪ ಹೊರಗ ಕೂಡ್ರಿ," ಎಂದಳು.

ನರ್ಸೂ ತಿರುಗಿ ನೋಡಿದಳು. ಭಾಗೀರಥಿಬಾಯಿ ಎರಡು ಹೆಜ್ಜೆ ಹಿಂದೆ ಸರಿದರು. ಇಷ್ಟು ಹೊತ್ತು ಹಿಂಡಿಸಿಕೊಂಡ ಕೈ ಇನ್ನೂ ನೋಯುತ್ತಿತ್ತು. ಅದನ್ನು ಎಲ್ಲಿಡಬೇಕೆಂದು ತೋಚದೆ ಸೆರಗಿನೊಳಗೆ ಸೇರಿಸಿದರು. ಹೊಸ್ತಿಲವರೆಗೆ ಹೋದರು. ಹಿಂದೆ ಪ್ರಿಯಂವದಾ ಏನೋ ಹೇಳಲು ಹೋಗಿ, ನೋವು ಬಂದು, ಮಾತು ಮುರಿದು ಹಲ್ಲು ಕಚ್ಚಿದಳು. ನರ್ಸು, "ಉಸರಾ ಬಿಡ್ರಿ, ಬಿಗಿಹಿಡೀಬ್ಯಾಡ್ರಿ," ಎನ್ನುತ್ತಿದ್ದಳು. ಮೊದಲ ಕೂಸಿನ ಪ್ರಶ್ನೆ ಅಲ್ಲಿಗೇ ಬಿದ್ದುಹೋಯಿತು. ನಾರ್ಮಲ್ ಎಂದುಬಿಟ್ಟಳಲ್ಲ. ನನ್ನ ಮರ್ಯಾದೆ ಕಾಯಲು ಸುಳ್ಳು ಹೇಳಿದಳೆ? ಹುಟ್ಟುವ ಕೂಸಿನ ಮುಂದೆ ನನ್ನ ಮರ್ಯಾದೆ ಯಾವ ಲೆಕ್ಕ? ಹೊರಗೆ ಹೋಗಬೇಕು, ಹೋಗು ಎಂದಿದ್ದಾಳೆ. ಆದರೆ ಹೋದರೆ ಇವರಿಗೆ ಯಾರು ಹೇಳುತ್ತಾರೆ? ಕಾಲು ಹೊಸ್ತಿಲ ಆಚೆ ಒಂದು, ಈಚೆ ಒಂದು ಇತ್ತು. ಆ ಹೊತ್ತಿಗೆ ಎದುರಿನಿಂದ ಕೈಗವಸು ಹಾಕಿಕೊಳ್ಳುತ್ತ ಒಬ್ಬ ಡಾಕ್ಟರು ಬಂದರು. ಎಳೆಯ ವಯಸ್ಸು, ಕೊರಳಿಗೆ ಮೃಣಾಲಿನಿ ಎಂಬ ಹೆಸರಿನ ಬಿಲ್ಲೆ.

"ಡಾಕ್ಟರ," ಎಂದರು ಭಾಗೀರಥಿಬಾಯಿ. ದನಿ ತಮಗೇ ಅಪರಿಚಿತವಾಗಿ ಜೋರಾಗಿತ್ತು. "ಆಕಿ ಹೇಳೂದಿಲ್ಲ. ಹಿಂದಿನ ಕೂಸು ಉಳೀಲಿಲ್ಲ. ನಂಜಾಗಿ ಹೋತು. ನನ್ನ ಕೈಯಿಂದ. ತೊಳಕೊಂಡಿದ್ದೆನೋ ಇಲ್ಲೋ ನನಗ ಗೊತ್ತಿಲ್ಲ. ಈ ಸರ್ತಿ ನಾ ಮುಟ್ಟೂದಿಲ್ಲ. ನೀವು ಮಾತ್ರ ಏನು ಮಾಡಬೇಕೋ ಅದನ್ನ ಮೊದಲ ಮಾಡ್ರಿ."

ಡಾಕ್ಟರು ಅವರನ್ನು ದಾಟಿ ಒಳಗೆ ಹೋದರು. "ಹೌದೇನು? ನಂಜಾಗಿತ್ತು? ಯಾವ ನಂಜು, ಏನರೆ ಹೇಳಿದ್ರೇನು ಅವರು?"

ಪ್ರಿಯಂವದಾ ಕಣ್ಣು ಮುಚ್ಚಿದ್ದಳು. ಕಣ್ಣ ತುದಿಯಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. "ಅತ್ತಿಯವರದು ಏನೂ ಇಲ್ಲ, ಡಾಕ್ಟರ್," ಎಂದಳು. "ಅದು ನನ್ನ ಮೈಯಾಗಿಂದ. ಬೆಳಗಾವ್ಯಾಗ ಕೂಸಿನ ರಕ್ತ ನೋಡಿ ಹೇಳಿದ್ರು. ಬಿ ಸ್ಟ್ರೆಪ್ ಅಂತ ಒಂದು ರೋಗಾಣು. ಮುಂದಿನ ಹೆರಗ್ಯಾಗ ನೋವು ಸುರು ಆದ ಕೂಡಲೆ ಇಂಜೆಕ್ಷನ್ ಆಗಬೇಕು ಅಂದಿದ್ರು. ಅತ್ತಿಯವರು ಹೊರಗ ಹೋಗಲಿ, ಆಮ್ಯಾಲೆ ಹೇಳೂಣಂತ..."

ಡಾಕ್ಟರ ಮುಖ ಬದಲಾಯಿತು. "ನೀರು ಯಾವಾಗ ಹೋದವು? ಹಿಂದ ಪೆನಿಸಿಲಿನ್ ತಗೊಂಡಾಗ ಮೈಮ್ಯಾಲೆ ದದ್ದು ಎದ್ದಿದ್ವೇನು? ಇಲ್ಲಾ? ಉಮಾಶ್ರೀ, ಸಲೈನ್ ಹಚ್ಚು. ಇದನ್ನ ಮೊದಲ, ಉಳದದ್ದೆಲ್ಲಾ ಆಮ್ಯಾಲೆ." ಪರದೆ ಎಳೆದರು. ಲೋಹದ ತಟ್ಟೆಯ ಸದ್ದು, ಗಾಜಿನ ಬಾಟಲಿಯ ಸದ್ದು. ಭಾಗೀರಥಿಬಾಯಿ ಇನ್ನೂ ಹೊಸ್ತಿಲಲ್ಲೇ ನಿಂತಿದ್ದರು.

ಅವರ ಮನಸ್ಸಿನಲ್ಲಿ ಮೊದಲು ಎದ್ದ ಮಾತು ಇದು: ಹಂಗಾರ ನೀನ. ಹಾಗಿದ್ದರೆ ನೀನೇ, ನಾನಲ್ಲ. ಅದು ಎಷ್ಟು ಬೇಗ, ಎಷ್ಟು ಸಿಹಿಯಾಗಿ ನಾಲಿಗೆಯ ತುದಿಗೆ ಬಂತೆಂದರೆ ಅವರು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು. ಹೊರಗಿನ ಬೆಂಚಿನ ಮೇಲೆ ಕುಳಿತರು. ಎರಡು ವರ್ಷದ ಭಾರ ಇಳಿದಿರಬೇಕಲ್ಲ ಎಂದು ಎದೆಯನ್ನು ಮುಟ್ಟಿ ನೋಡಿಕೊಂಡ ಹಾಗೆ ಒಳಗೆ ತಡಕಿದರು. ಇಳಿದಿರಲಿಲ್ಲ. ಇಳಿಯುವುದಿರಲಿ, ಎಲ್ಲಿತ್ತು ಎಂಬುದೇ ಸಿಗಲಿಲ್ಲ. ಮಗ ಸೊಸೆಗೆ ಗೊತ್ತಿತ್ತು. ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ತಾವು ಎರಡು ವರ್ಷ ನಳ ತಿರುಗಿಸುತ್ತ, ನೀರು ಬಂತೋ ಇಲ್ಲವೋ ಎಂದು ಸಾಯುತ್ತ ಇದ್ದಾಗ, ಪಕ್ಕದ ಕೋಣೆಯಲ್ಲಿ ಅವರು ಗೊತ್ತಿದ್ದೂ ಮಲಗಿ ನಿದ್ದೆ ಮಾಡುತ್ತಿದ್ದರು. ಸಿಟ್ಟು ಬರಬೇಕು. ಬಂತೆಂದುಕೊಂಡರೆ ಬಂದ ಹಾಗೆ ಇತ್ತು. ಇಲ್ಲವೆಂದುಕೊಂಡರೆ ಬರೀ ದಣಿವು.

ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದು ಪಕ್ಕದಲ್ಲಿ ಕುಳಿತರು.

"ಔಷಧ ಸುರು ಆತು. ಇನ್ನ ಹೆರಗಿ ಒಂದು ನಾಕು ತಾಸು ತಡೀತಂದ್ರ ಛಲೋ. ಅಜ್ಜಿ, ನೀವು ಹೇಳಿದ್ದು ಭಾಳ ಛಲೋ ಆತು."

"ನಾ ಹೇಳಿದ್ದು ಖರೇ ಅಲ್ಲಂತಲ್ಲ."

"ಅದು ಖರೇ ಅಲ್ಲ. ಕೇಳ್ರಿಲ್ಲೆ. ಈ ರೋಗಾಣು ಭಾಳ ಮಂದಿ ಹೆಣ್ಣುಮಕ್ಕಳ ಮೈಯಾಗ ಸುಮ್ಮನ ಇರ್ತದ. ಅವರಿಗೆ ಏನೂ ತ್ರಾಸು ಕೊಡೂದಿಲ್ಲ. ಬರ್ತದ, ಹೋಗ್ತದ. ಹೊಲಸು ಅಂತಲ್ಲ, ತಪ್ಪು ಅಂತಲ್ಲ. ಹುಟ್ಟೋ ಮುಂದ ಕೂಸಿಗೆ ಹತ್ತಿ ಒಮ್ಮೊಮ್ಮೆ ಹಿಂಗ ಆಗ್ತದ. ಅದಕ್ಕ ತಾಯಿ ನರಕ್ಕ ಈಗ ಔಷಧ ಕೊಟ್ರ ಕೂಸಿಗೂ ಮುಟ್ಟತದ."

"ಮತ್ತ ಜೇನು?"

"ಜೇನು ಹಚ್ಚಬಾರದು. ಅದು ಬ್ಯಾರೆ ಮಾತು. ಆ ಕೂಸು ಹೋದದ್ದು ಜೇನಿನಿಂದ ಅಲ್ಲ."

"ಭಾಳ ಮಂದಿ ಹೆಣ್ಣುಮಕ್ಕಳು ಅಂದ್ರಿ. ನನ್ನ ಮೈಯಾಗೂ ಇದ್ದಿರಬಹುದೇನು? ಆಗಿನ ಕಾಲಕ್ಕ?"

ಡಾಕ್ಟರು ಅವರ ಮುಖ ನೋಡಿದರು. "ಇದ್ದಿರಬಹುದು. ಇರಲಿಕ್ಕೂ ಇಲ್ಲ. ಈಗ ಯಾರಿಗೆ ಹೇಳಲಿಕ್ಕೆ ಬರ್ತದ?" ಎಂದು ಎದ್ದು ಹೋದರು.

ಮುಕುಂದನಿಗಿಂತ ಮೊದಲು ಒಂದು ಹೆಣ್ಣು ಇತ್ತು. ಆಗ ಇದ್ದ ರಾಮದುರ್ಗದ ಮನೆಯಲ್ಲಿ, ಹೊಳೆಗೆ ಹೊಸ ನೀರು ಬಂದ ದಿನಗಳಲ್ಲಿ ಹುಟ್ಟಿ, ಅತ್ತು, ಎರಡನೆಯ ದಿನ ಅಳುವುದನ್ನು ನಿಲ್ಲಿಸಿತ್ತು. ಅದೂ ನರಳಿತ್ತೆ? ನರಳಿತ್ತು ಎಂದು ಈಗ ಅನಿಸುತ್ತದೆ. ಎರಡು ವರ್ಷದ ಹಿಂದಿನ ನರಳುವಿಕೆಯೇ ಹಿಂದಕ್ಕೆ ಹೋಗಿ ಆ ಕೂಸಿನ ಬಾಯಲ್ಲಿ ಕುಳಿತಿರಲಿಕ್ಕೂ ಸಾಕು. ಹೆರಿಗೆ ಮಾಡಿಸಿದ ಬಾಯವ್ವನ ಕೈಗುಣ ಸರಿಯಿಲ್ಲ ಎಂದು ತಮ್ಮ ಅತ್ತೆ ಅಂದರು. ತಾವೂ ಹೌದೆಂದರು. ಯಾರೋ ಒಬ್ಬರ ಮೇಲೆ ಅದು ಇರಬೇಕಿತ್ತು. ಬಾಯವ್ವ ಆಮೇಲೆ ಎಷ್ಟೋ ದಿನ ಓಣಿಯ ತುದಿಯಲ್ಲಿ ಎದುರಾದಾಗ ನಿಂತು, "ಹೆಂಗದೀರಿ ಬಾಯಾರ," ಎನ್ನುತ್ತಿದ್ದಳು. ತಾವು ಸೆರಗು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಅವಳೂ ಮನೆಗೆ ಹೋಗಿ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳೆ? ಅಥವಾ ಈ ಬಾಮಣರ ಬುದ್ಧಿಯೇ ಇಷ್ಟು ಎಂದು ಉಗುಳಿ ಭಕ್ಕರಿ ಬಡಿಯಲು ಕುಳಿತಳೆ? ಎರಡನೆಯದೇ ಆಗಿರಲಿ ಎಂದು ಆಸೆಪಟ್ಟರು.

ಮುಕುಂದ ಬಂದಾಗ ಬಿಸಿಲು ಇಳಿಯತೊಡಗಿತ್ತು. ಸವದತ್ತಿಯಲ್ಲಿ ಬಸ್ಸು ತಪ್ಪಿ, ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಬಂದಿದ್ದ. ತಲೆಯೆಲ್ಲ ಧೂಳು. ಒಳಗೆ ಹೋಗಿ ಹೆಂಡತಿಯನ್ನು ನೋಡಿಕೊಂಡು ಬಂದು ಬೆಂಚಿನ ತುದಿಗೆ ಕುಳಿತ. "ಎರಡನೇ ಸರ್ತಿದ್ದೂ ಕೊಟ್ರಂತ, ಔಷಧ," ಎಂದ. ತಾಯಿಯ ಮುಖವನ್ನು ನೋಡಿ, ನೋಡದವನಂತೆ ಮಾಡಿದ. ಅವನ ಕಿವಿಯ ಹಿಂದೆ ಬಿಳಿಗೂದಲು ಬಂದಿರುವುದನ್ನು ಭಾಗೀರಥಿಬಾಯಿ ಮೊದಲ ಸಲ ಕಂಡರು.

"ನಿನಗ ಗೊತ್ತಿತ್ತಲ್ಲೋ."

"ಏನು?"

"ಆ ಕೂಸಿಗೆ ಎಲ್ಲಿಂದ ಹತ್ತಿತ್ತು ಅನ್ನೋದು."

ಅವನು ತಲೆಯ ಧೂಳು ಕೊಡವಿಕೊಂಡ. "ಪ್ರಿಯಾ ಭಾಳ ಅಂಜಿದ್ಲವ್ವಾ. ಅತ್ತಿಯವರಿಗೆ ಹೇಳಬ್ಯಾಡ್ರಿ, ಇಕೀ ಮೈಯಾಗ ವಿಷ ಅದ ಅಂತಾರ ಅಂದ್ಲು. ನೀ ಅನ್ನಾಕಿ ಅಲ್ಲ, ಖರೇ. ಆದ್ರ ಸಿಟ್ಟಿನಾಗ ಒಮ್ಮೆ ಅಂದ್ರ ಆಕಿ ತಡಕೋತಿದ್ದಿಲ್ಲ. ನಿನಗ ಹೇಳಿ ಆಗೋದಾದ್ರೂ ಏನಿತ್ತು?"

"ಮತ್ತ ನನ್ನ ಕೈ ಯಾಕ ಕೇಳಿದಿ?"

"ಯಾವ ಕೈ?"

"ಬೆಳಗಾವ್ಯಾಗ. ಕೈ ತೊಳಕೊಂಡಿದ್ಯೇನು ಅಂತ ಕೇಳಿದ್ಯಲ್ಲ."

ಮುಕುಂದ ಹುಬ್ಬು ಗಂಟಿಕ್ಕಿದ. ನಾಟಕವಲ್ಲ, ಹೆತ್ತವರಿಗೆ ಅದು ತಿಳಿಯುತ್ತದೆ. ಚಿಕ್ಕವನಿದ್ದಾಗ ಮಗ್ಗಿ ಮರೆತು ನಿಲ್ಲುತ್ತಿದ್ದ ಹಾಗೆಯೇ ಕಣ್ಣು ಮೇಲೆ ಮಾಡಿ ಹುಡುಕಿದ. "ನಾ ಹಂಗ ಕೇಳಿದ್ದೆನೇನು?" ಎಂದ. "ಕೇಳಿರಬೇಕು. ಅವತ್ತು ಯಾರಿಗೆ ಏನು ಕೇಳಿದೆ, ನನಗ ಒಂದೂ ನೆನಪಿಲ್ಲವ್ವಾ. ಯಾಕ?"

ಯಾಕ. ಭಾಗೀರಥಿಬಾಯಿ ಎದುರಿನ ಗೋಡೆಯನ್ನು ನೋಡಿದರು. ಅವರು ಈ ಎರಡು ವರ್ಷ ಉತ್ತರ ಹುಡುಕುತ್ತಿದ್ದ ಪ್ರಶ್ನೆಯನ್ನು ಕೇಳಿದವನೇ ಇರಲಿಲ್ಲ. ಅಥವಾ ಇದ್ದ, ಆ ವರಾಂಡದಲ್ಲೇ ಎಲ್ಲೋ ಉಳಿದುಹೋಗಿದ್ದ. ಈ ಧೂಳು ಹತ್ತಿದ, ಬಿಳಿಗೂದಲು ಬಂದ, ಹೆಂಡತಿಗಾಗಿ ನಡುಗುತ್ತಿರುವ ಮನುಷ್ಯ ಬೇರೆ. ಇವನ ಹತ್ತಿರ ಜಗಳವಾಡಿದರೆ ಇವನಿಗೆ ಅರ್ಥವಾಗುವುದಿಲ್ಲ. ನಗು ಬಂದ ಹಾಗಾಯಿತು. "ಏನಿಲ್ಲ," ಎಂದರು. "ನೀ ಏನರ ತಿಂದೀಯೋ ಇಲ್ಲೋ?"

ಅವನು ಉತ್ತರ ಕೊಡುವ ಮೊದಲೇ ಒಳಗೆ ಕೂಸು ಅತ್ತಿತು. ಇಬ್ಬರೂ ಎದ್ದು ನಿಂತರು. ಅಳು ನಿಂತಿತು. ಮುಕುಂದ ತಾಯಿಯ ತೋಳು ಹಿಡಿದ. ಮತ್ತೆ ಅತ್ತಿತು, ಈ ಸಲ ಸಿಟ್ಟಿನಿಂದ, ಬಿಡದೆ.

ಹೆಣ್ಣುಕೂಸು. ದಿನ ತುಂಬದ್ದರಿಂದ ಸಣ್ಣದು. ಔಷಧ ಸಾಕಷ್ಟು ಹೊತ್ತು ಮೊದಲೇ ಮೈಗೆ ಸೇರಿದೆ, ಆದರೂ ಎರಡು ದಿನ ಕಣ್ಣಿಟ್ಟು ನೋಡಬೇಕು ಎಂದರು ಡಾಕ್ಟರು. ಮೊಲೆ ಹಿಡಿಯುತ್ತದೋ ಇಲ್ಲವೋ, ಮೈ ಬಿಸಿಯಾಗುತ್ತದೋ ತಣ್ಣಗಾಗುತ್ತದೋ, ಉಸಿರಿನಲ್ಲಿ ನರಳುವಿಕೆ ಕೇಳುತ್ತದೋ ನೋಡುತ್ತಿರಬೇಕು. "ನರಳೂದು ಹೆಂಗಿರ್ತದ ಅಂತ ನಿಮಗ ಗೊತ್ತದ, ಅಜ್ಜಿ. ಸಂಶೇ ಬಂದ್ರ ಕರೀರಿ. ಸುಳ್ಳ ಸಂಶೇ ಆದ್ರೂ ನಡೀತದ." ಗೊತ್ತಿದೆ ಎಂದು ಒಬ್ಬರು ತಮ್ಮನ್ನು ನಂಬಿದ್ದು ಎಷ್ಟು ಕಾಲದ ಮೇಲೆ ಎಂದು ಭಾಗೀರಥಿಬಾಯಿಯವರಿಗೆ ಅನಿಸಿತು. ಆದರೆ ಆ ಗೊತ್ತಿರುವುದು ಎಲ್ಲಿಂದ ಬಂದದ್ದೆಂದು ನೆನೆದು ಆ ಖುಷಿಯೂ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಮುಕುಂದ ಚಹಾ ತರಲು ಹೋದಾಗ ಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಕೂಸು ಹಾಲು ಕುಡಿದು ಬಾಯಿ ಬಿಟ್ಟಿತ್ತು. ಪ್ರಿಯಂವದಾ ಅದನ್ನು ಎತ್ತಿ, "ತಗೋರಿ, ಅತ್ತಿ," ಎಂದಳು. ಭಾಗೀರಥಿಬಾಯಿ ತೆಗೆದುಕೊಂಡರು. ತೋಳುಗಳು ತಾವಾಗಿ ಕೆಲಸ ಮಾಡಿದವು.

"ನಿಮಗ ಸಿಟ್ಟು ಬಂದದೇನು?"

ಬಂದಿದೆ ಎನ್ನಬೇಕೆಂದಿದ್ದರು. ಇಲ್ಲ ಎನ್ನಬೇಕೆಂದಿದ್ದರು. "ಮುಕುಂದಗಿಂತ ಮೊದಲ ನನಗೊಂದು ಆಗಿತ್ತು," ಎಂದರು. "ಹೆಣ್ಣು. ಹಿಂಗ ಹೋತು. ಅವಗೂ ಹೇಳಿಲ್ಲ."

ಪ್ರಿಯಂವದಾ ಅವರನ್ನೇ ನೋಡುತ್ತಿದ್ದಳು. "ಏನಂತ ಕರೀತಿದ್ರಿ ಅದಕ್ಕ?"

"ಹೆಸರಿಡೋತನಕ ಎಲ್ಲಿತ್ತು. ಏನೂ ಕರೀಲಿಲ್ಲ." ಆ ಪ್ರಶ್ನೆಯನ್ನು ತಮ್ಮನ್ನು ಯಾರೂ ಎಂದೂ ಕೇಳಿರಲಿಲ್ಲ. ಅವರೂ ಕೇಳಿದರು: "ನೀನು?"

"ಅನಿಕೇತ," ಎಂದಳು ಪ್ರಿಯಂವದಾ. "ಹೊಟ್ಯಾಗಿದ್ದಾಗಿಂದನ. ಇವರಿಗೂ ಹೇಳಿದ್ದಿಲ್ಲ." ಹೇಳಿ, ತನ್ನ ಬಾಯಿಂದ ಅದು ಹೊರಬಿದ್ದದ್ದನ್ನು ಕೇಳಿಸಿಕೊಂಡವಳಂತೆ ದಿಂಬಿಗೆ ಮುಖವೊತ್ತಿ ಅತ್ತಳು. ಭಾಗೀರಥಿಬಾಯಿ ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದನ್ನು ಸೊಸೆಯ ಬೆನ್ನ ಮೇಲಿಟ್ಟರು. ಈ ಹುಡುಗಿಯ ಮೇಲೆ ಮರುಕವಿದೆಯೋ, ಒಳಗೆ ಇನ್ನೂ ಎಲ್ಲೋ ಹಂಗಾರ ನೀನ ಎಂಬ ಆ ಮೊದಲಿನ ಮಾತು ಕುಳಿತಿದೆಯೋ, ಅವರಿಗೆ ಸ್ಪಷ್ಟವಿರಲಿಲ್ಲ. ಬೆನ್ನು ಅಂಗೈ ಕೆಳಗೆ ಏರಿಳಿಯುತ್ತ ಮೆಲ್ಲಗೆ ತಣಿಯಿತು. ಕೂಸಿನ ಎದೆಯೂ ಏರಿಳಿಯುತ್ತಿತ್ತು. ಅವರು ಬಾಗಿ ಅದರ ಮೂಗಿನ ಬಳಿ ಕಿವಿಯಿಟ್ಟರು. ಉಸಿರು ಸರಿಯಾಗಿಯೇ ಇದೆ ಅನಿಸಿತು. ಅನಿಸಿದ್ದು ನಿಜವೋ ಅಲ್ಲವೋ ಎಂದು, ಉಸಿರು ಹಿಡಿದು, ಮತ್ತೊಮ್ಮೆ ಕೇಳಿದರು.